ಕರೆಯೋ ಖರೇನೋ

ಬಿಎ ಕೊನೆಯ ವರ್ಷ. ಕೊಪ್ಪಳದ ನಮ್ಮ ಕಾಲೇಜಿಗೆ ಮೈಸೂರು ಕಡೆಯ ಉಪನ್ಯಾಸಕರೊಬ್ಬರು ಬಂದಿದ್ದರು, ನಮಗೆಲ್ಲ ಬದುಕಿನ ದಾರಿ ತೋರಿಸಲು. ಒಂದು ತಾಸು ಮಾತಾಡಿ, ಚೀಟಿ ಹಂಚಿ, "ನಿಮ್ಮ ಕರೆ ಏನು ಅಂತ ಬರೀರಿ. ಹೆಸರು ಬೇಡ," ಎಂದರು.

ಅವರು ಕೇಳಿದ್ದು ಮನಸ್ಸಿನ ಒಳಗಿನ ಕರೆ. ನಮ್ಮ ಕಡೆ ಖರೇ ಎಂದರೆ ನಿಜ; ನಮ್ಮ ಕಿವಿಗೆ ಬಿದ್ದದ್ದು ಅದೇ. ಮೈಸೂರಿನವರ ಬಾಯಲ್ಲಿ 'ಖ' ಸವೆದು 'ಕ' ಆಗಿರಬೇಕೆಂದುಕೊಂಡು ಎಲ್ಲರೂ ತಲೆ ತಗ್ಗಿಸಿ ಇದ್ದದ್ದು ಇದ್ದ ಹಾಗೆ ಬರೆದೆವು.

ಸರ್ ಒಂದೊಂದೇ ಚೀಟಿ ಓದತೊಡಗಿದರು. "ಅಸೈನ್‌ಮೆಂಟು ನಾ ಬರದಿಲ್ರಿ, ನಮ್ಮಕ್ಕ ಬರದಾಳ." "ಜ್ವರ ಬಂದಿದ್ದಿಲ್ರಿ, ಸಾಣಾಪುರ ಕೆರಿಗೆ ಹೋಗಿದ್ದೆ." ಸರ್ ಹುಬ್ಬು ಮೇಲೇರಿತು. ನಾವು ನಕ್ಕು ನಕ್ಕು ಬೆಂಚು ಬಡಿದೆವು. ಆಮೇಲೆ ನನ್ನ ಚೀಟಿ ಬಂತು. "ಅಪ್ಪ ಹೇಳೋ ಪೊಲೀಸ್ ಪರೀಕ್ಷಾ ನನಗ ಬ್ಯಾಡ. ಕುರಿ ಈಯೋ ಮುಂದ ಮರಿ ತಗಿಯೋದು ಭಾಳ ಸೇರ್ತೈತಿ. ಟ್ರೇನಿಂಗ್ ತಗೊಂಡು, ಊರಿನ ದನ-ಕುರಿಗೆ ಔಷಧ ಹಾಕೋ ಪಶುಸಖಿ ಆಗ್ಬೇಕು. ಅಪ್ಪಗ ಹೇಳಾಕ ಅಂಜಿಕಿ."

ಸರ್ ಚೀಟಿ ಎತ್ತಿ ಹಿಡಿದರು. "ನೋಡಿ, ಇದೇ ಕರೆ!"

"ಹೌದ್ರಿ ಸರ್, ಖರೇ ಐತ್ರಿ," ಎಂದು ನಾನೇ ಎದ್ದು ನಿಂತೆ. ಹೆಸರು ಬೇಡ ಎಂದದ್ದು ಮರೆತೇಹೋಗಿತ್ತು. "ಗುರಿ ಕೇಳಿದ್ರ ಕುರಿ ಅಂತಾಳ," ಎಂದು ಹಿಂದಿನ ಬೆಂಚಿನವರು ವಾರವಿಡೀ ಕಾಡಿದರು.

ಅಷ್ಟು ಜನರ ಮುಂದೆ ಹೇಳಿದ ಮೇಲೆ ಅಪ್ಪನದೇನು ಎಂಬ ಹುಮ್ಮಸ್ಸಿನಲ್ಲಿ ಅಂದೇ ಸಂಜೆ ನಮ್ಮೂರು ಅಳವಂಡಿಯಲ್ಲಿ ಬಸ್ಸಿಳಿದವಳೇ ಮನೆಗೆ ಹೋಗಿ ಹೇಳಿಬಿಟ್ಟೆ. ಅಪ್ಪ ಹಗ್ಗ ಹೊಸೆಯುತ್ತಿದ್ದ. "ಕುರಿ ಹಿಂದ ನಾ ತಿರುಗಿದ್ದು ಸಾಲದೇನು? ನಿನ್ನ ಬಿಎ ಓದಿಸಿದ್ದು ಇದಕ್ಕಾ?" ಎಂದ. ಮೂರು ದಿನ ಮಾತು ಬಿಟ್ಟ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೊನೆಗೆ ಸೋತು ಪೊಲೀಸ್ ಪರೀಕ್ಷೆಯ ಅರ್ಜಿ ತುಂಬಲು ಕೂತೆ.

ಅಷ್ಟರಲ್ಲಿ ಕುರಿದೊಡ್ಡಿಯಿಂದ ಅಪ್ಪನ ದನಿ. "ಯವ್ವಾ, ಲಗೂ ಬಾ! ಕಾಲು ಬಂದಾವ, ಮರಿ ತಲಿ ಸಿಗವಲ್ದು!"

ಅರ್ಜಿ ಬಿಟ್ಟು ಓಡಿದೆ. ಅಪ್ಪ ಕುರಿಯನ್ನು ಹಿಡಿದುಕೊಂಡ. ನಾನು ಕೈ ತೊಳೆದು, ಒಳಗೆ ತಡಕಿ, ಹೊರಳಿದ್ದ ತಲೆಯನ್ನು ಮೆಲ್ಲಗೆ ನೆಟ್ಟಗೆ ಮಾಡಿ ಎಳೆದೆ. ಮರಿ ಸೀನಿತು. ಅಪ್ಪ ಅದರ ಮೂಗು ಒರೆಸುತ್ತ, ನನ್ನ ಮುಖ ನೋಡದೆ ಕೇಳಿದ:

"ಆ ಟ್ರೇನಿಂಗು ಎಲ್ಲಿ ಕೊಡ್ತಾರಂತ?"