ಹೆಸರು ಹಿಡಿದು ಕರೆಯುವವಳು

‘ಇದನ್ನೆಲ್ಲ ಮಾಡಿದವಳು ನನ್ನ ತಂಗಿ.’ ಇಷ್ಟೇ ಮಾತು. ಹೇಳಬೇಕಾದ ಹೊತ್ತಿನಲ್ಲಿ ನಾನು ಅದನ್ನು ಹೇಳಲಿಲ್ಲ.

ಸದಲಗಾದ ನಮ್ಮ ಝೆರಾಕ್ಸ್ ಅಂಗಡಿಯಲ್ಲಿ ತಂಗಿ ಸುರೇಖಾ ಮೌಸ್ ಮುಟ್ಟುತ್ತಿದ್ದುದೇ ಅಪರೂಪ. ಗಿರಾಕಿ ಮಾತು ಮುಗಿಸುವಷ್ಟರಲ್ಲಿ ವಿಂಡೋಸ್ ಬಟನ್ ಒತ್ತಿ, ಮೂರು ಅಕ್ಷರ ಬಡಿದು, ಎಂಟರ್ ಹೊಡೆಯುತ್ತಿದ್ದಳು. ಅವರ ಕಾಗದ ಪರದೆಯ ಮೇಲೆ ಬಂದಿರುತ್ತಿತ್ತು. ಕ್ಯಾಲ್ಕುಲೇಟರ್ ಬೇಕಾದರೂ ಹಾಗೆಯೇ ತೆರೆಯುತ್ತಿದ್ದಳು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಒಂದು ಫೋಲ್ಡರಿನೊಳಗೆ ಇನ್ನೊಂದನ್ನು ತೆರೆಯುತ್ತ ಕೂತರೆ ಅವಳಿಗೆ ನಗು.

“ದಾದಾ, ಓಣ್ಯಾಗಿನ ಬಾಗಲಾ ಎಲ್ಲಾ ಯಾಕ ಬಡ್ಯಾಕತ್ತಿ? ಹೆಸರ ಹಿಡದ ಕರಿ, ತಾನ ಹೊರಗ ಬರ್ತೈತಿ.”

ಫೈಲಿಗೆ ಹೆಸರಿಡುವುದರಲ್ಲೇ ಅವಳ ಜಾಣತನವಿತ್ತು. ಎಮ್ಮೆಯ ವಿಮೆ ಅರ್ಜಿಯೆಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಮ್ಮಿ’ ಎಂದು ಬರೆದು, ಪಕ್ಕದಲ್ಲಿ ಮರಾಠಿಯ ‘ಮ್ಹೈಸ್’ ಸೇರಿಸಿ, ಕೊನೆಗೆ ಗಿರಾಕಿಯ ಅಡ್ಡಹೆಸರು ಹಾಕುತ್ತಿದ್ದಳು.

“ಇಷ್ಟುದ್ದ ಹೆಸರ ಯಾರರ ಇಡ್ತಾರೇನವ್ವಾ?” ಎಂದು ನಾನು ಗೇಲಿ ಮಾಡಿದರೆ, “ನಮ್ಮ ಮಂದಿ ಮುಂಜಾನೆ ಕನ್ನಡದಾಗ ಕೇಳ್ತಾರ, ಸಂಜಿಕ ಮರಾಠ್ಯಾಗ. ಕಾಗದಕ್ಕ ಎರಡೂ ತಿಳೀಬೇಕ” ಎನ್ನುತ್ತಿದ್ದಳು.

ಒಂದು ದಿನ ಹಾಲಿನ ಡೇರಿಯ ಸೆಕ್ರೆಟರಿ ಬಂದರು. ಎಂದೋ ಮಾಡಿಸಿದ್ದ ಪತ್ರವೊಂದು ಕೇಳಿದ ಕೂಡಲೇ ಸಿಕ್ಕಿದ್ದು ಕಂಡು ಅವರಿಗೆ ಆಶ್ಚರ್ಯವಾಯಿತು.

“ಇದನ್ನೆಲ್ಲಾ ಹಿಂಗ ಜೋಡಿಸಿದವ್ರ ಯಾರ್ರಿ? ನಮ್ಮ ಆಫೀಸಿಗೆ ಇಂಥಾವ್ರ ಒಬ್ರು ಬೇಕಾಗ್ಯಾರ.”

ಅವಳು ಹೋದರೆ ನನಗೆ ಒಂದು ಕಾಗದವೂ ಸಿಗದೆಂಬುದು ಗೊತ್ತಿತ್ತು. “ನಾನ ಜೋಡಿಸೀನ್ರಿ. ಆಕಿ ಬರೇ ಬಟನ್ ಒತ್ತತಾಳ” ಎಂದೆ.

“ನೀವು ಅಂಗಡಿ ಬಿಟ್ಟ ಎಲ್ಲಿ ಬರ್ತೀರಿ, ಬಿಡ್ರಿ” ಎಂದು ನಕ್ಕು ಅವರು ಹೋದರು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಸುರೇಖಾ ಮುಂದಿನ ಗಿರಾಕಿಗೆ ಏನು ಬೇಕೆಂದು ಕೇಳಿದಳು. ಡೇರಿಯ ಕೆಲಸ ಬೇರೆಯವರಿಗೆ ಹೋಯಿತು. ಆಮೇಲೆ ಎರಡು ವರ್ಷ ಅವಳು ನಮ್ಮ ಅಂಗಡಿಯಲ್ಲೇ ದುಡಿದಳು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ವರ್ಷ ತಾನೇ ಹುಡುಕಿಕೊಂಡು ನಿಪ್ಪಾಣಿಯ ಒಂದು ಆಫೀಸಿನಲ್ಲಿ ಕೆಲಸ ಹಿಡಿದಳು. ಅಲ್ಲೇ ಬಾಡಿಗೆಯ ಖೋಲಿ ಮಾಡಿದ್ದಾಳೆ. ಹೊರಡುವ ದಿನ ಬ್ಯಾಗು ಪಕ್ಕಕ್ಕಿಟ್ಟುಕೊಂಡು ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಅಷ್ಟರಲ್ಲಿ ಅದೇ ಸೆಕ್ರೆಟರಿ ಡೇರಿ ಸಭೆಯ ಹಳೆಯ ಠರಾವಿನ ಪ್ರತಿ ಕೇಳಿಕೊಂಡು ಬಂದರು. ನಾನು ಮೌಸ್ ಹಿಡಿದು ಫೋಲ್ಡರುಗಳನ್ನು ತೆರೆದೆ, ಮುಚ್ಚಿದೆ. ಠರಾವು ಸಿಗಲಿಲ್ಲ.

“ಏನ್ರಿ, ನೀವ ಜೋಡಿಸಿದ್ದ ನಿಮಗ ಸಿಗವಲ್ದಾ?”

“ದಾದಾಗ ಇವತ್ತ ಕಣ್ಣ ಉರಿಯಾಕತ್ತಾವ್ರಿ ಸಾಹೇಬ್ರ” ಎಂದು ಸುರೇಖಾ ಎದ್ದು ಬಂದಳು. ನಿಂತಲ್ಲೇ ಬಾಗಿ ಮೂರು ಅಕ್ಷರ ಒತ್ತಿದಳು. ಠರಾವು ಬಂತು. ನನ್ನ ಮಾನ ಉಳಿಸಿ ಬ್ಯಾಗಿಗೆ ಕೈ ಹಾಕಿದಳು.

ನಾನು ಕುರ್ಚಿ ಬಿಟ್ಟು ಎದ್ದೆ.

“ಕಣ್ಣಿಗೇನೂ ಆಗಿಲ್ರಿ ಸಾಹೇಬ್ರ. ಅವತ್ತ ನಾ ನಿಮಗ ಸುಳ್ಳ ಹೇಳಿದ್ದೆ. ಎಲ್ಲಾ ಈಕಿ ಮಾಡಿದ್ದು.” ಅವಳ ಕಡೆ ತಿರುಗಿದೆ. “ಡೇರ್ಯಾಗಿನ ನಿನ್ನ ನೌಕರಿ ನಾನ ಕಳದೆ ಸುರೇಖಾ. ತಪ್ಪಾತವ್ವಾ.”