ಕಮಲಕ್ಕನ ಕೆಂಪು ಪೆನ್ಸಿಲು

ಒಲೆ ಹೊತ್ತಿಸುವ ಮೊದಲು ಕಮಲಕ್ಕ ಕನ್ನಡಕದ ಮುರಿದ ಕಡ್ಡಿಗೆ ದಾರ ಬಿಗಿದು, ಬೈಬಲಿನ ಒಂದು ಅಧ್ಯಾಯ ಗಟ್ಟಿಯಾಗಿ ಓದುವಳು. ಜ್ವರ ಬಂದ ದಿನವೂ ಇದು ತಪ್ಪುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳು ಹಸನು ಮಾಡುತ್ತ, ಮೂಟೆಗಳ ಮೇಲಿನ ಅಕ್ಷರ ನೋಡಿಯೇ ಓದು ಕಲಿತವಳು.

೧೯೬೧ರಲ್ಲಿ ಪರದೇಶದ ಹಣದಿಂದ ನಡೆಯುವ ಒಂದು ಸಂಸ್ಥೆ ಬೈಬಲಿನ ಮಾರ್ಕನ ಸುವಾರ್ತೆಯನ್ನು ಸುಲಭ ಕನ್ನಡಕ್ಕೆ ತರಲು ಹೊರಟಿತು. ಬರೆಯುವುದು ಅವರ ಕೆಲಸ, ಕೇಳಿ ಒಪ್ಪುವುದು ಹರಿಹರದ ಕ್ರೈಸ್ತ ಸಭೆಯ ಕೆಲಸ ಎಂದು ಮಾತಾಗಿತ್ತು. ಸಭೆಯ ಪಾದ್ರಿ ಅಯ್ಯನವರು ಅದನ್ನು ತಮ್ಮ ಸಭೆಯವಳೇ ಆದ ಕಮಲಕ್ಕನಿಗೆ ಒಪ್ಪಿಸಿದರು. ಗುರುವಾರಕ್ಕೊಮ್ಮೆ ಅವಳು ಹತ್ತಿರದ ಸಾರಥಿ ಹಳ್ಳಿಗೆ ನಡೆದುಹೋಗಿ, ಅದೇ ಸಭೆಗೆ ಸೇರಿದ ಅಲ್ಲಿಯ ಹೆಂಗಸರಿಗೆ ಓದಿ, ಹಾಳೆ ಮಡಚಿ, "ಈಗ ನೀವು ಹೇಳ್ರಿ" ಎಂದು ಸುಮ್ಮನೆ ಕೂಡುವಳು. ಅವರು ತಡವರಿಸಿದಲ್ಲಿ ಕೆಂಪು ಪೆನ್ಸಿಲಿನ ಗೆರೆ.

ನಾಲ್ವರು ರೋಗಿಯನ್ನು ಹೊತ್ತು ತಂದು, ಮನೆಯ ಹೆಂಚು ತೆಗೆದು ಯೇಸುವಿನ ಮುಂದೆ ಇಳಿಸಿದರೆಂದು ಓದಿದ ದಿನ ಆ ಹೆಂಗಸರಲ್ಲೊಬ್ಬಳಾದ ದ್ಯಾಮವ್ವ ನಕ್ಕುಬಿಟ್ಟಳು.

"ಹೆಂಚಿನ ಮ್ಯಾಲೆ ನಾಲ್ಕು ಮಂದಿ ನಿಂತ್ರೆ ರೋಗಿಗಿಂತ ಮೊದ್ಲು ಅವರೇ ಒಳಗ ಬೀಳ್ತಾರೆ! ನಮ್ಮ ಮನಿಯಂಗೆ ಮಣ್ಣಿನ ಮಾಳಿಗೆ ಇರ್ಬೇಕು ಕಣಕ್ಕ. ಅಗದಿರ್ತಾರೆ."

ಕಮಲಕ್ಕ ಬಂದು ಇದನ್ನು ಹೇಳಿದಾಗ ಅಯ್ಯನವರು ಮೂಲದ ಗ್ರೀಕ್ ಪುಸ್ತಕ ನೋಡಿ, "ಅಗೆದರು ಅಂತಲೇ ಐತೆ" ಎಂದರು.

ಮಳೆಗಾಲದಲ್ಲಿ ಸಂಸ್ಥೆಯ ಕಾರ್ಯದರ್ಶಿ ಅಚ್ಚಿನ ಕರಡು ತಂದರು. ಹೆಂಚು ಹೆಂಚಾಗಿಯೇ ಇತ್ತು. ಕೆಂಪು ಗೆರೆ ಬಿದ್ದ ಮೂವತ್ತೆರಡು ಕಡೆಗಳನ್ನೂ ಅಯ್ಯನವರು ಸಂಸ್ಥೆಗೆ ಬರೆದು ತಿಳಿಸಿದ್ದರು; ಒಂದನ್ನೂ ತಿದ್ದಿರಲಿಲ್ಲ. ಮೊದಲ ಪುಟದಲ್ಲಿ ಮಾತ್ರ, "ಹರಿಹರ ಸಭೆಯ ಸ್ತ್ರೀಯರು ಕೇಳಿ ಒಪ್ಪಿದ್ದು" ಎಂದಿತ್ತು.

"ಇಲ್ಲೊಂದು ಸಹಿ ಹಾಕಿ ತಾಯಿ. ಹಣ ಕೊಟ್ಟವರಿಗೆ ಈ ತಿಂಗಳೇ ಪುಸ್ತಕ ತೋರಿಸಬೇಕು."

"ಕೇಳಿದ್ದು ಖರೆ. ಒಪ್ಪಿಲ್ರಿ."

"ಸಣ್ಣಪುಟ್ಟದ್ದು, ಮುಂದಿನ ಮುದ್ರಣದಲ್ಲಿ ನೋಡೋಣ."

"ತನ್ನ ಹೆಸರಿನಾಗ ಸುಳ್ಳು ಅಚ್ಚಾಗೈತೆ ಅಂತ ಓದಾಕ ದ್ಯಾಮವ್ವಗೆ ಬರಲ್ಲ ಸ್ವಾಮಿ. ನನಗೆ ಬರ್ತೈತೆ."

ಕಾರ್ಯದರ್ಶಿ ಅಯ್ಯನವರತ್ತ ತಿರುಗಿದರು. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. "ಅಕ್ಕ ಹಾಕದೆ ನಾನೂ ಹಾಕಲ್ರಿ."

ಕಾರ್ಯದರ್ಶಿಯ ಕಣ್ಣು ಕನ್ನಡಕದ ದಾರದ ಮೇಲೆ ಬಿತ್ತು. ದನಿ ಮೆತ್ತಗಾಯಿತು. "ಪಾಪ, ಇದರಲ್ಲಿ ಹೇಗೆ ಓದ್ತೀರಿ? ಬೆಂಗಳೂರಿನಲ್ಲಿ ಹೊಸ ಕನ್ನಡಕ ಮಾಡಿಸಿಕೊಡ್ತೇವೆ. ಖರ್ಚು ನಮ್ಮದೇ."

ಕಮಲಕ್ಕ ದಾರವನ್ನು ಇನ್ನೊಂದು ಸುತ್ತು ಬಿಗಿದು, ಕೆಂಪು ಗೆರೆಯ ಹಾಳೆಗಳನ್ನು ಅವರ ಮುಂದೆ ಸರಿಸಿದಳು.

"ಗುರುವಾರ ಸಾರಥಿಗೆ ಬರ್ರಿ. ನೀವೇ ಓದ್ರಿ, ಅವರು ಹೇಳಿದ್ದನ್ನ ನೀವೇ ಬರಕೊಳ್ರಿ. ಕನ್ನಡಕ ಬ್ಯಾಡ."