ಆಪಾ ಓದಿದ ಪುಟ

ಸೊಸೆ ಚಿಕ್ಕೋಡಿಯಿಂದ ತಂದ ಹೊಸ ಪುಸ್ತಕವನ್ನು ಅಟ್ಟದ ಮೇಲಿದ್ದ ನನ್ನ ಹಳೆಯ ಬೀಡಿ ಮೊರದಲ್ಲಿ ಇಟ್ಟು ಮರೆತಿದ್ದಳು. ಮೊನ್ನೆ ತೆಗೆದು ಬಿಡಿಸಿದೆ ನೋಡಿ, ಹಾಳೆಗಳಿಂದ ತಂಬಾಕಿನ ಘಾಟು ಎದ್ದು ಸೀನಿನ ಮೇಲೆ ಸೀನು. ನಾವು ಬೀಡಿ ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಆ ಮೊರ ಮಾತ್ರ ವಾಸನೆ ಬಿಟ್ಟಿಲ್ಲ. ಮೂಗು ಒರೆಸಿಕೊಂಡು ಪುಸ್ತಕದ ಹೆಸರು ನೋಡಿದೆ... ಅದೇ ಪುಸ್ತಕ! ಆಪಾಳ ಪುಸ್ತಕ. ಜೀವ ಹೋದರೂ ಮುಟ್ಟುವುದಿಲ್ಲ ಎಂದು ನಾನು ಹಟ ಹಿಡಿದಿದ್ದ ಪುಸ್ತಕ.

ಅದು ಟೀವಿಯಲ್ಲಿ ಧಾರಾವಾಹಿಯಾಗಿ ಬರಲಿದೆಯಂತೆ, ಅದಕ್ಕೇ ಮತ್ತೆ ಅಚ್ಚಾಗಿದೆ. ಸೊಸೆಯ ಫೋನಿನಲ್ಲಿ ಪುಸ್ತಕ ಓದುವವರದೊಂದು ಗುಂಪಿದೆ. ರಾಯಬಾಗ, ಅಥಣಿ, ಕಾಗವಾಡದ ಕಡೆಯ ಮಾಸ್ತರರು, ವಕೀಲರು, ಮನೆಯಲ್ಲಿರುವ ಹೆಂಗಸರು ಎಲ್ಲ ಇದ್ದಾರೆ. ಅಲ್ಲಿ ದಿನಾ ಇದರದೇ ಜಗಳ. ಇಂಥ ಕೋರ್ಟಿನ ಕಾದಂಬರಿ ಇನ್ನೊಂದಿಲ್ಲ, ಕೊನೆಗೆ ದೇವರೇ ನ್ಯಾಯ ಕೊಟ್ಟ ಎಂದು ಅರ್ಧ ಮಂದಿ. ಇದೆಂಥ ನ್ಯಾಯ, ದೇವರ ಹೆಸರಿನಲ್ಲಿ ಹೆದರಿಸುವ ವ್ಯಾಪಾರ ಎಂದು ಉಳಿದವರು. "ಅತ್ತಿ, ನೀವೂ ಓದಿ ಹೇಳ್ರಿ, ನಿಮ್ಮ ಮಾತೂ ಹಾಕ್ತೀನಿ" ಎಂದಳು ಸೊಸೆ. ಓದಬೇಕೇ? ಇದನ್ನು ಎಂದೋ ಕೇಳಿ ಮುಗಿಸಿ, ಇದರ ಮೇಲೆ ಜಗಳವಾಡಿ, ಹೊಟ್ಟೆ ಉರಿಸಿಕೊಂಡು ಎದ್ದವಳು ನಾನು.

ಆಗ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೇವಿನ ಗಿಡದ ಕೆಳಗೆ ಮಧ್ಯಾಹ್ನ ಹೆಂಗಸರೆಲ್ಲ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಒಬ್ಬಳು ಮಾತ್ರ ಕಟ್ಟುತ್ತಿರಲಿಲ್ಲ. ಅವಳು ಗಿಡದ ಬುಡದ ಕಲ್ಲಿನ ಮೇಲೆ ಕುಳಿತು ಉಳಿದವರಿಗೆ ಕತೆ, ಕಾದಂಬರಿ ಓದಿ ಹೇಳುವವಳು. ಏಳುವಾಗ ಪ್ರತಿಯೊಬ್ಬಳೂ ತಾನು ಕಟ್ಟಿದ ಬೀಡಿಯಲ್ಲಿ ಒಂದು ಹಿಡಿ ತೆಗೆದು ಅವಳ ಮೊರಕ್ಕೆ ಹಾಕಬೇಕು. ಅವಳ ಪಾಲಿನ ಕೆಲಸ ಹಾಗೆ ತುಂಬುತ್ತಿತ್ತು. ಓಣಿಯಲ್ಲಿ ಸರಾಗವಾಗಿ ಓದಲು ಬರುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ಆ ಕಲ್ಲು ನನ್ನದು. ಮನೆ ಅತ್ತೆಯದು, ಒಲೆ ನಾದಿನಿಯದು, ಗಂಡ ಅವನ ಗೆಳೆಯರ ಪಾಲು. ಇದು ನನ್ನದು ಎಂದು ಹೇಳಿಕೊಳ್ಳಲು ಆ ಕಲ್ಲು ಬಿಟ್ಟರೆ ನನಗೆ ಬೇರೇನೂ ಇರಲಿಲ್ಲ.

ಆಪಾ ಬಂದದ್ದು ರಾಯಬಾಗ ತಾಲೂಕಿನ ಮುಗಳಖೋಡದಿಂದ. ಗಂಡನಿಗೆ ಇಲ್ಲಿ ತಂಬಾಕು ದಾಸ್ತಾನು ಮಾಡುವ ವಖಾರಿಯಲ್ಲಿ ಕೆಲಸ ಸಿಕ್ಕಿ ಎದುರು ಮನೆಗೆ ಬಂದರು. ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡೇ ಸರಸರ ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಅತ್ತಿಗೆ ಎಂಬಂತೆ ವೈನಿ ಎನ್ನುತ್ತಿದ್ದಳು, ನಾವೆಲ್ಲ ಅವಳನ್ನು ಅವರ ಮನೆಮಾತಿನಲ್ಲಿ ಅಕ್ಕ ಎಂಬಂತೆ ಆಪಾ ಎನ್ನುತ್ತಿದ್ದೆವು. ಒಂದು ದಿನ ನನಗೆ ಗಂಟಲು ಕಟ್ಟಿತ್ತು. "ಕೊಡ್ರಿ ವೈನಿ, ಇವತ್ತೊಂದಿನ ನಾ ಓದ್ತೀನಿ" ಎಂದು ಕೈಚಾಚಿದಳು. ಕೊಟ್ಟೆ. ಮುಗಿಯಿತು ನನ್ನ ಕತೆ!

ಅವಳದು ಬರೀ ಓದಲ್ಲ. ವಕೀಲ ಬಂದರೆ ನಿಪ್ಪಾಣಿಯ ಮರಾಠಿ, ಜಡ್ಜ್ ಬಂದರೆ ಮೂಗಿನಲ್ಲಿ ಕನ್ನಡ, ಪೊಲೀಸ ಬಂದರೆ ಹಿಂದಿ. ನಾನು ಎಲ್ಲರನ್ನೂ ಒಂದೇ ದನಿಯಲ್ಲಿ, ಸಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಓದುತ್ತಿದ್ದೆ. ಕಾಂಟ್ರಾಕ್ಟರ್ ಬೀಡಿ ನೋಡಿ ತೆಗೆದುಕೊಳ್ಳಲು ಬಂದಾಗ ಬೈಯಲು ಶುರು ಮಾಡಿದ. "ಏನ್ ಮಾಡಾಕತ್ತೀರಿ? ಎಲ್ಲಾ ಸಡಿಲ ಆಗ್ಯಾವ. ಮೊದಲ ಹಿಂಗ ಇರಲಿಲ್ಲಲ್ಲ." ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಾನು ಓದುವಾಗ ಒಂದು ಬೀಡಿಯೂ ಸಡಿಲವಾಗುತ್ತಿರಲಿಲ್ಲ ಎಂದರೆ... ಒಬ್ಬಳಾದರೂ ಕಿವಿಗೊಟ್ಟು ಕೇಳುತ್ತಿರಲಿಲ್ಲ ಎಂದೇ ಅರ್ಥವಲ್ಲವೇ? ಅಂದಿನಿಂದ ಕಲ್ಲು ಅವಳದಾಯಿತು. ನಾನು ಮೊರ ಹಿಡಿದು ಉಳಿದವರ ಸಾಲಿಗೆ ಬಂದೆ, ಸಂಜೆ ಅವಳ ಪಾಲಿಗೆ ನನ್ನ ಕೈಯಿಂದಲೇ ಒಂದು ಹಿಡಿ ಬೀಡಿ ಹಾಕುತ್ತಿದ್ದೆ.

ಈ ಪುಸ್ತಕ ಬಂದದ್ದು ಆಗಲೇ. ಬಸ್ ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ಆಪಾ ತಂದಿದ್ದಳು. ಕತೆ ಮಲ್ಲಯ್ಯನ ಗುಡಿಯೊಂದರಲ್ಲಿ ಆದ ಕೊಲೆಯದು. ಅಮಾಯಕನೊಬ್ಬ ಕಟಕಟೆಯಲ್ಲಿ ನಿಂತಿದ್ದಾನೆ, ಬಡ ಸಾಕ್ಷಿದಾರನೊಬ್ಬ ಲಂಚ ತಿಂದು ಅವನ ಮೇಲೆ ಸುಳ್ಳು ಹೇಳುತ್ತಿದ್ದಾನೆ. ವಕೀಲ ಆ ಸಾಕ್ಷಿಯನ್ನು ಕೋರ್ಟಿನಿಂದ ನೇರ ಗುಡಿಗೆ ಕರೆದೊಯ್ದು, ಭಂಡಾರ ಎತ್ತು ಎನ್ನುತ್ತಾನೆ. ಭಂಡಾರವೆಂದರೆ ಮಲ್ಲಯ್ಯನ ಅರಿಷಿಣ. ಅದನ್ನು ಕೈಯಲ್ಲಿ ಹಿಡಿದು ಆಣೆ ಮಾಡಿ ಸುಳ್ಳು ಹೇಳಿದರೆ ಮನೆತನವೇ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ನಮ್ಮ ನಡುವೆ ಮಂಗಸೂಳಿಯ ಆಯಿ ಒಬ್ಬಳಿದ್ದಳು. ಮಗಳ ಮನೆಯಲ್ಲಿ ಇರುತ್ತಿದ್ದ ಮುದುಕಿ. ಹಿಂದೆ ಹೊಲದ ಬದುವಿನ ಜಗಳದಲ್ಲಿ ಅವಳ ಗಂಡ ಅಣ್ಣನ ಎದುರು ಭಂಡಾರ ಎತ್ತಿದ್ದನಂತೆ. ಅದೇ ವರ್ಷ ಹಿರಿಮಗ ಜ್ವರ ಬಂದು ಹೋದ. ಸುಳ್ಳು ಆಣೆ ಮಾಡಿದ್ದಕ್ಕೇ ಮಗ ಹೋದ ಎಂದು ಊರು ಆಡಿಕೊಂಡಿತು. ಅವಳೆದುರು ಯಾರೂ ಅದನ್ನು ಎತ್ತುತ್ತಿರಲಿಲ್ಲ, ಆದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಮಧ್ಯಾಹ್ನ ಆಪಾ ಓದುತ್ತಿದ್ದಳು. ಸಾಕ್ಷಿದಾರ ಭಂಡಾರಕ್ಕೆ ಕೈ ಹಾಕಿದ. "ಸಾಹೇಬ್ರ, ನನಗೊಬ್ಬ ಮಗ ಅದಾನ" ಎಂದ. ಬೀಡಿಗೆ ದಾರ ಸುತ್ತುತ್ತಿದ್ದ ಆಯಿಯ ಕೈ ನಿಂತೇ ಹೋಯಿತು. ಅಷ್ಟರಲ್ಲಿ ಆಪಾ ತಡವರಿಸಿದಳು. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ಬಂದಳು, ನೀರು ಕೇಳಿದಳು. ಅಬ್ಬಾ, ನನಗಾದ ಆನಂದ! ತಪ್ಪಿದಳು, ಕೊನೆಗೂ ತಪ್ಪಿದಳು, ಇವಳೇನು ಸರಸ್ವತಿಯಲ್ಲ ಎಂದುಕೊಂಡೆ. ನೀರು ಕುಡಿದು ಬಾಯಿ ಒರೆಸಿಕೊಂಡು ಮುಂದುವರಿಸಿದಳು. ಗುಡಿಯ ಮುದುಕ ಪೂಜಾರಿ ಸಾಕ್ಷಿದಾರನ ಹತ್ತಿರ ಬಂದು ಹೇಳುತ್ತಾನೆ: "ಸುಳ್ಳ ಹೇಳಾಂವ ನೀನು. ಕೇಳೂದಿದ್ರ ಮಲ್ಲಯ್ಯ ನಿನ್ನ ಕೇಳ್ತಾನ. ನಿನ್ನ ಕೂಸಿನ್ನ ಯಾಕ ಕೇಳ್ತಾನೋ ತಮ್ಮಾ?" ಆ ಮಾತಿಗೆ ಸಾಕ್ಷಿದಾರ ಭಂಡಾರ ಕೆಳಗಿಟ್ಟು ಇದ್ದ ಸತ್ಯವನ್ನೆಲ್ಲ ಹೇಳಿಬಿಟ್ಟ. ಅಮಾಯಕ ಬಿಡುಗಡೆಯಾದ.

ಅಂಗಳ ಎರಡು ಭಾಗವಾಯಿತು. ಪಕ್ಕದ ಮನೆಯ ಮೌಶಿಗೆ ತಡೆಯಲಾಗಲಿಲ್ಲ. "ಹಿಂಗಾದ್ರ ದೇವರ ಅಂಜಿಕಿ ಯಾರಿಗಿರ್ತೈತಿ? ಏನರ ಶಿಕ್ಷಾ ಆಗಬೇಕಿತ್ತ ಬಿಡು" ಎಂದಳು. ಇನ್ನೊಂದು ಕಡೆಯವರು ಪೂಜಾರಿಯ ಮಾತೇ ಖರೆ ಎಂದರು. ನಾನು ಮೌಶಿಯ ಕಡೆ. ದೇವರ ಮೇಲಿನ ಭಕ್ತಿಯಿಂದಲ್ಲ, ಆಪಾಳ ಮೇಲಿನ ಸಿಟ್ಟಿನಿಂದ. "ಪೂಜಾರಿ ಆದಾಂವ ಎಲ್ಲೆರ ಹಿಂಗ ಅಂತಾನೇನು? ಬರದಾಂವಗ ಕೊನಿಗೆ ಧೈರ್ಯ ಸಾಲಿಲ್ಲ" ಎಂದು ಜೋರಾಗಿಯೇ ಹೇಳಿದೆ. ಆಪಾ ನಕ್ಕುಬಿಟ್ಟಳು. "ಹೌದ್ರಿ ವೈನಿ, ಬರದಾವರಿಗೆ ಧೈರ್ಯ ಸಾಲಿಲ್ಲ ಕಾಣಸ್ತೈತಿ." ಆ ನಗುವಿಗೆ ನನಗೆ ಇನ್ನಷ್ಟು ಉರಿಯಿತು. ಅಂದೇ ಹಟ ಹಿಡಿದೆ, ಈ ಪುಸ್ತಕ ಮುಟ್ಟುವುದಿಲ್ಲ ಎಂದು.

ಮರುದಿನ ಆಯಿ ಮೊರ ತರದೆ ಬರಿಗೈಯಲ್ಲಿ ಬಂದು ಕಲ್ಲಿನ ಹತ್ತಿರ ಕುಳಿತಳು. "ಆ ಪೂಜಾರಿ ಮಾತ ಇನ್ನೊಮ್ಮಿ ಓದವಾ" ಎಂದಳು. ಆಪಾ ಪುಸ್ತಕ ಬಿಡಿಸಿ ಓದಿದಳು. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನನಗೇನನ್ನಿಸಿತು ಗೊತ್ತೇ? ನಾನು ಅಷ್ಟು ವರ್ಷ ಓದಿದೆ, ಒಮ್ಮೆಯಾದರೂ ಯಾರಾದರೂ ಇನ್ನೊಮ್ಮೆ ಓದು ಎಂದಿದ್ದರೇ...

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಈಗ ಪುಸ್ತಕ ಓದಲು ಕುಳಿತೆ. ವಕೀಲ ಇದ್ದಾನೆ, ಗುಡಿ ಇದೆ, ಭಂಡಾರ ಇದೆ. "ಸಾಹೇಬ್ರ, ನನಗೊಬ್ಬ ಮಗ ಅದಾನ" ಎನ್ನುವ ಮಾತೂ ಇದೆ. ಅದರ ಮುಂದೆ ಪೂಜಾರಿ ಇಲ್ಲ. ಸಾಕ್ಷಿದಾರ ಭಂಡಾರ ಎತ್ತಿ ಸುಳ್ಳೇ ಹೇಳುತ್ತಾನೆ. ಸಂಜೆಯೊಳಗೆ ಅವನ ಮಗ ಬಾವಿಗೆ ಬಿದ್ದು ಸಾಯುತ್ತಾನೆ. ಹೆಣದ ಮುಂದೆ ಎದೆ ಬಡಿದುಕೊಂಡ ಸಾಕ್ಷಿದಾರ ಕೋರ್ಟಿಗೆ ಓಡಿಬಂದು ತಪ್ಪೊಪ್ಪಿಕೊಳ್ಳುತ್ತಾನೆ. ಫೋನಿನ ಗುಂಪಿನವರು ಜಗಳವಾಡುತ್ತಿರುವುದು ಈ ಸಾವಿನ ಮೇಲೆ. ಮೊದಲು, ಹೊಸ ಅಚ್ಚಿನಲ್ಲಿ ಏನೋ ಬದಲಿಸಿದ್ದಾರೆ ಎಂದುಕೊಂಡೆ. ಆಮೇಲೆ ಆಪಾ ನೀರು ಕೇಳಿದ್ದು ನೆನಪಾಯಿತು. ಪುಟ ತಿರುವಿ ಹಿಂದಕ್ಕೆ ಬಂದದ್ದು ನೆನಪಾಯಿತು.

ಮುಂದೆ ಏನಿದೆ ಎಂದು ಅವಳ ಕಣ್ಣು ನೋಡಿಬಿಟ್ಟಿತ್ತು, ಎದುರಿಗೆ ಆಯಿ ಕುಳಿತಿದ್ದಳು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಆಪಾ ಒಬ್ಬ ಪೂಜಾರಿಯನ್ನು ಹುಟ್ಟಿಸಿದ್ದಳು. ಆ ಕಲ್ಲಿನ ಮೇಲೆ ನಾನಿದ್ದಿದ್ದರೆ? ಅಚ್ಚಾದದ್ದನ್ನು ಅಚ್ಚಾದ ಹಾಗೆ, ಒಂದಕ್ಷರ ಬಿಡದೆ ಓದಿಬಿಡುತ್ತಿದ್ದೆ. ಅವಳ ದನಿಯ ಮೇಲಿನ ಹೊಟ್ಟೆಕಿಚ್ಚನ್ನು ಇಷ್ಟು ವರ್ಷ ಹೇಗೋ ಸಾಕಿಕೊಂಡು ಬಂದಿದ್ದೆ. ಈಗ ಅವಳ ಮನಸ್ಸಿನ ಮೇಲೂ ಹೊಟ್ಟೆಕಿಚ್ಚು ಪಡಬೇಕಲ್ಲ ತಾಯಿ, ಇದನ್ನೆಲ್ಲಿಟ್ಟುಕೊಳ್ಳಲಿ?

"ಏನ್ ಹಾಕ್ಲಿ ಅತ್ತಿ ಗುಂಪಿನ್ಯಾಗ?" ಎಂದು ಸೊಸೆ ಬಂದಳು. ಕುಳಿತುಕೋ ಎಂದೆ, ಆಪಾ ಹೇಳಿದ ಹಾಗೇ ಕತೆ ಹೇಳಲು ಶುರು ಮಾಡಿದೆ. ವಕೀಲನಿಗೆ ಮರಾಠಿ, ಜಡ್ಜನಿಗೆ ಮೂಗಿನ ದನಿ, ಎಲ್ಲ ಮಾಡಿದೆ. ಸೊಸೆ ಹೂಂ ಹೂಂ ಎನ್ನುತ್ತಿದ್ದಳು, ಅವಳ ಬೆರಳು ಫೋನಿನ ಮೇಲೆ ಓಡುತ್ತಲೇ ಇತ್ತು. ಪೂಜಾರಿಯ ಮಾತು ಬಂತು. "ನಿನ್ನ ಕೂಸಿನ್ನ ಯಾಕ ಕೇಳ್ತಾನೋ ತಮ್ಮಾ" ಎಂದೆ. ಅವಳ ಬೆರಳು ನಿಂತಿತು, ತಲೆ ಎತ್ತಿ ನನ್ನನ್ನೇ ನೋಡಿದಳು.

"ಇದು ಪುಸ್ತಕದಾಗಿಲ್ಲಲ್ರಿ ಅತ್ತಿ. ಯಾರ್ ಬರದದ್ದು?"

ನಾನೇ ಎಂದು ಹೇಳಬಹುದಿತ್ತು. ಆಯಿ ಇಲ್ಲ, ಮೌಶಿ ಇಲ್ಲ. ಮುಗಳಖೋಡಕ್ಕೆ ಮರಳಿಹೋಗಿದ್ದ ಆಪಾಳೂ ಹೋದ ವರ್ಷ ತೀರಿಕೊಂಡಳೆಂದು ಸುದ್ದಿ ಬಂದಿತ್ತು. ಕೇಳುವವರು ಯಾರು? ನಾಲಿಗೆಯ ತುದಿಗೆ ಬಂತು, ದೇವರಾಣೆ ಬಂತು.

"ನಮ್ಮ ಆಪಾ" ಎಂದೆ. ಇಷ್ಟು ಹೇಳಿದ್ದನ್ನು ಕೇಳಿ ನಗಲಿಕ್ಕಾದರೂ ಅವಳು ಇರಬೇಕಿತ್ತು.